ಬಾಗಿಲು ಹಾಕಿಕೊಂಡು ಮಲಗುವ ಖೂನಿಗಾರ

ನಾನು ಐದು ಖೂನಿ ಮಾಡಿರುವ ಸುದ್ದಿ ನನಗೇ ಗೊತ್ತಾದದ್ದು ಕಳೆದ ವಾರ. ಅದೂ ಟ್ರಂಕ್ ಕಾಲ್‌ನಲ್ಲಿ!

ನಿಮಗೆ ಗೊತ್ತೇ ಇದೆ, ಹೊಟ್ಟೆಪಾಡಿಗೆ ನಾನು ಕುಷ್ಟಗಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. (ಅಂಕಣ ಬರೆದು ಹೊಟ್ಟೆ ತುಂಬುವುದಿಲ್ಲ. ಸಂಪಾದಕರು ಈ ಸಾಲನ್ನು ಹೊಡೆದುಹಾಕದಿದ್ದರೆ ಅವರ ದೊಡ್ಡ ಮನಸ್ಸು.) ಒಬ್ಬರ ಮಾತನ್ನು ಇನ್ನೊಬ್ಬರಿಗೆ ಜೋಡಿಸುವುದು ನನ್ನ ಕೆಲಸ. ಯಲಬುರ್ಗಾ, ಕೊಪ್ಪಳ, ಕುಕನೂರು, ಎಲ್ಲ ಊರಿನ ದನಿಗಳೂ ನನಗೆ ಪರಿಚಯ. ನನ್ನ ಜೊತೆ ಮಾತಾಡುವವರು ಮಾತ್ರ ಯಾರೂ ಇಲ್ಲ. ನಂಬರ್ ಹೇಳುತ್ತಾರೆ, ತಡವಾದರೆ ಬೈಯುತ್ತಾರೆ, ಮುಗಿಯಿತು.

ಆ ಸಂಜೆ ಇಲ್ಲಿನ ಶೇಂಗಾ ವ್ಯಾಪಾರಿಯೊಬ್ಬರು ಗಂಗಾವತಿಯ ತಮ್ಮ ಬೀಗರಿಗೆ ಕಾಲ್ ಬುಕ್ ಮಾಡಿದ್ದರು. ಜೋಡಿಸಿದೆ. ದನಿ ಸರಿಯಾಗಿ ಕೇಳುತ್ತಿದೆಯೇ ಎಂದು ಒಂದು ಗಳಿಗೆ ಕಿವಿಗೊಡುವುದು ನಮ್ಮ ಪದ್ಧತಿ. ಕಿವಿಗೊಟ್ಟೆ.

"ನಮ್ಮ ಟಾಕೀಸಿಗೆ ಒಂದು ಹಿಂದಿ ಪಿಕ್ಚರ್ ಬಂದೈತ್ರಿ ಬೀಗರ. ಬರೇ ರಕ್ತ! ಒಬ್ಬಾಂವ ಐದು ಮಂದೀನ ಕಡದ ಒಗೀತಾನ್ರಿ."

"ಹೌದಾ? ಯಾರ್ರಿ ಅಂವ?"

"ಯಾರೋ ಏನೋ, ಹೆಸರಿಲ್ಲದ ನಟ. ಆದ್ರ ಥೇಟ್ ನಮ್ಮ ಟೆಲಿಫೋನ್ ಆಫೀಸಿನ್ಯಾಂವ ಇದ್ದಂಗ ಅದಾನ್ರಿ! ಅದ ಬಡಕ ಮೈ, ಅದ ದಪ್ಪ ಗಾಜಿನ ಚಾಳೀಸ. ಅಂವನೂ ಒಬ್ಬನ ಇರ್ತಾನ, ಹಗಲೊತ್ತು ಬಾಗ್ಲಾ ಹಾಕ್ಕೊಂಡು ಮಲಗ್ತಾನ."

ನಾನು ಆ ಗಳಿಗೆಯಲ್ಲೇ ಲೈನ್ ಬಿಡಬೇಕಿತ್ತು. ಬಿಡಲಿಲ್ಲ. ನೀವಾದರೆ ಬಿಡುತ್ತಿದ್ದಿರಾ?

ಮೂರು ನಿಮಿಷ ಮುಗಿಯಿತು. ನಿಯಮ ನಿಯಮವೇ. ನಡುವೆ ಬಾಯಿ ಹಾಕಿ, "ತ್ರೀ ಮಿನಿಟ್ಸ್ ಆಯ್ತು, ಮುಂದುವರಿಸ್ತೀರಾ?" ಎಂದೆ.

ವ್ಯಾಪಾರಿಗಳು ಭಾಳ ಸಣ್ಣ ದನಿಯಲ್ಲಿ, "ಬ್ಯಾಡ್ರಿ ಸಾಹೇಬ್ರ, ಸಾಕ್ರಿ" ಎಂದು ಫೋನ್ ಇಟ್ಟರು. ಅಲ್ಲಿಯವರೆಗೆ ನನ್ನನ್ನು "ಏ ಆಪರೇಟರ್" ಎನ್ನುತ್ತಿದ್ದವರು!

ನನ್ನದು ರಾತ್ರಿ ಪಾಳಿ. ಹಗಲು ಮಲಗದೆ ಇನ್ಯಾವಾಗ ಮಲಗಲಿ? ಆದರೆ ಈ ಕಡೆ ಹಗಲೊತ್ತು ಬಾಗಿಲು ಹಾಕುವ ಪದ್ಧತಿಯೇ ಇಲ್ಲ. ಊರಿಗೆ ಹೋದರೆ ಬೀಗ ಹಾಕುತ್ತಾರೆ, ಮನೆಯಲ್ಲಿದ್ದರೆ ತೆರೆದಿಡುತ್ತಾರೆ. ಒಳಗೆ ಮನುಷ್ಯ ಇದ್ದೂ ಬಾಗಿಲು ಮುಚ್ಚಿದೆ ಎಂದರೆ ಜಗಳವೋ, ಜಡ್ಡೋ, ಏನೋ ಒಂದು ಕೆಟ್ಟದ್ದು ಎಂದೇ ಲೆಕ್ಕ. ತುಮಕೂರು ಕಡೆಯಿಂದ ವರ್ಗವಾಗಿ ಬಂದ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ.

ಮರುದಿನದಿಂದ ನೋಡಿ ನನ್ನ ವೈಭೋಗ. ಚಹಾದಂಗಡಿಯಲ್ಲಿ ನಾನು ಕೂತ ಬೆಂಚು ಖಾಲಿ. ಕಟಿಂಗ್ ಅಂಗಡಿಯಲ್ಲಿ ಕಾಯುತ್ತಿದ್ದವರೆಲ್ಲ "ಮೊದಲ ನೀವು ಮಾಡಿಸ್ಕೊಳ್ರಿ" ಎಂದು ಸರದಿ ಬಿಟ್ಟುಕೊಟ್ಟರು. ನಕ್ಕೆ. ನಗದೇ ಏನು ಮಾಡುವುದು?

ಆಮೇಲೆ ಅಮಾವಾಸ್ಯೆ ಬಂತು. ನಗು ನಿಂತಿತು.

ನನ್ನ ಬಾಡಿಗೆ ಖೋಲಿಯ ಎದುರಿಗೆ, ಅಂಗಳದ ಆಚೆ, ಮನೆಯ ಮಾಲೀಕರಾದ ಈರಮ್ಮ ಇರುತ್ತಾರೆ. ಅಮಾವಾಸ್ಯೆಗೊಮ್ಮೆ ನನ್ನ ಬಾಗಿಲು ಬಡಿದು ಹೋಳಿಗೆ ಕೊಡುತ್ತಾರೆ. ಕೊಟ್ಟು ಹೋಗುವುದಿಲ್ಲ, ಹೊಸ್ತಿಲ ಬಳಿ ಕೂತು, ನಾನು ಉಂಡು ಮುಗಿಸುವವರೆಗೆ ಊರ ಸುದ್ದಿಯೆಲ್ಲ ಹೇಳುತ್ತಾರೆ. ತಿಂಗಳಲ್ಲಿ ಒಬ್ಬರು ನನ್ನ ಮುಖ ನೋಡಿ ಮಾತಾಡುವುದು ಅದೊಂದೇ ಸಲ.

ಈ ಅಮಾವಾಸ್ಯೆ ಬೆಲ್ಲ, ಏಲಕ್ಕಿಯ ವಾಸನೆಗೆ ಎಚ್ಚರವಾಯಿತು. ಹಾಸಿಗೆಯಲ್ಲೇ ಕಾದೆ. ಹೊರಗೆ ಹೆಜ್ಜೆಯ ಸಪ್ಪಳ ಕೇಳಿತು, ಬಾಗಿಲ ಹತ್ತಿರ ಬಂತು, ನಿಂತಿತು, ಹಾಗೇ ಹಿಂದೆ ಹೋಯಿತು. ಬಾಗಿಲು ಬಡಿಯಲಿಲ್ಲ.

ಹೋಳಿಗೆ ಹಾಳಾಗಿ ಹೋಗಲಿ. ಈರಮ್ಮನೂ ನಂಬಿಬಿಟ್ಟರೇ? ಎರಡು ಬಾಳೆಹಣ್ಣು ತಿಂದು ಡ್ಯೂಟಿಗೆ ಹೋದೆ.

ಭಾನುವಾರ ಮ್ಯಾಟಿನಿಗೆ ಹೋದೆ. ಎಷ್ಟಂದರೂ ನನ್ನದೇ ಪಿಕ್ಚರ್, ನಾನೇ ನೋಡದಿದ್ದರೆ ಹೇಗೆ? ತಗಡಿನ ಟಾಕೀಸು, ಸುಡುವ ಬಿಸಿಲು, ಹೊರಗೆ ಹೌಸ್‌ಫುಲ್ ಬೋರ್ಡು. ನನ್ನ ಎಡಬಲದ ಕುರ್ಚಿ ಮಾತ್ರ ಖಾಲಿ. ಜನ ಗೋಡೆಗೆ ಒರಗಿ ನಿಂತರು, ಅಲ್ಲಿ ಕೂರಲಿಲ್ಲ.

ಪಿಕ್ಚರ್ ಬಗ್ಗೆ ಏನು ಹೇಳಲಿ! ಇಂಟರ್ವಲ್‌ನಲ್ಲಿ ಮಿರ್ಚಿ ಭಜಿ ತಿನ್ನುತ್ತಾ, ಆಗಲೇ ಒಂದು ಸಲ ನೋಡಿದ್ದ ಮಂದಿಯೇ ಎಲ್ಲಾ ಹೇಳಿದರು.

"ಅದು ರಕ್ತ ಅಲ್ಲಲೇ, ಗುಲಾಬಿ ಶರಬತ್ತು. ನೊಣ ಮುಕರಿದ್ದು ನೋಡಲಿಲ್ಲೇನು?"

"ಐದು ಮಂದಿ ಮನ್ಯಾಗೂ ಅದ ಮಂಚ, ಅದ ಚಾದರ! ಒಂದ ಮಂಚದ ಮ್ಯಾಲೆ ಎಷ್ಟ ಮಂದೀನ ಕೊಲ್ತಾರ್ರಿ?"

"ಆಕಿ ಹೀರೋಯಿನ್ ಮೊದಲ ಸಾಯಬೇಕಿತ್ತು. ಎರಡು ಹಾಡರ ತಪ್ಪತಿದ್ದುವು."

ಸಾಲಿ ಮಾಸ್ತರರೊಬ್ಬರು, "ಇಂಥಾ ಪಿಕ್ಚರಿನಿಂದ ಮಕ್ಕಳು ಕೆಡ್ತಾವ, ಬ್ಯಾನ್ ಮಾಡಬೇಕ್ರಿ" ಎಂದರು. (ಮುಂದಿನ ಖೂನಿ ಎಲ್ಲಿ, ಹೇಗೆ ಎಂದು ಪಕ್ಕದವರಿಗೆ ಮೊದಲೇ ಹೇಳುತ್ತಿದ್ದವರೂ ಅವರೇ. ಅವರು ಬಂದದ್ದು ಎಷ್ಟನೇ ಸಲವೋ!) ನನ್ನನ್ನು ಕಂಡೊಡನೆ ಮಾತು ನಿಂತಿತು. ಭಜಿ ಆರಿತು.

ನಿಜ ಹೇಳಲಾ? ಚೂರಿ, ಚೀರಾಟ, ಶರಬತ್ತು, ಯಾವುದಕ್ಕೂ ನಾನು ಹೆದರಲಿಲ್ಲ. ಒಂದು ಕಡೆ ಆ ಖೂನಿಗಾರ ಅನ್ನ ಬೇಯಿಸಿಕೊಂಡು, ತಟ್ಟೆಗೂ ಹಾಕಿಕೊಳ್ಳದೆ, ಪಾತ್ರೆಯಲ್ಲೇ ಕೈಯಿಟ್ಟು ನಿಂತುಕೊಂಡೇ ಉಣ್ಣುತ್ತಾನೆ. ನಾನು ದಿನಾ ಉಣ್ಣುವುದು ಹಾಗೆಯೇ. ಹೆದರಿದ್ದು ಅದಕ್ಕೆ.

ಮನೆಗೆ ಬಂದಾಗ ಈರಮ್ಮ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಇನ್ನು ತಡೆಯಲಾಗಲಿಲ್ಲ. ಕೇಳಿಯೇಬಿಟ್ಟೆ. "ಅವ್ವಾ, ಅಮಾವಾಸ್ಯೆ ದಿನ ಬಾಗಿಲ ತನಕ ಬಂದು ಯಾಕೆ ವಾಪಸ್ ಹೋದ್ರಿ?"

ಅವರು ಮೊರ ಕೆಳಗಿಟ್ಟರು. "ನಾನೂ ಆ ಪಿಕ್ಚರ್ ನೋಡೇನಿ ತಮ್ಮಾ. ಬಾಗ್ಲಾ ಬಡೀಲಿಕ್ಕೆ ಹೆದರಿಕಿ ಆತು."

"ನಾನು ಕೊಂದುಬಿಡ್ತೀನಿ ಅಂತಾನಾ?"

ಈರಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. "ನೀನಾ? ಖೋಲ್ಯಾಗ ಹಲ್ಲಿ ಬಂದ್ರ ನನ್ನ ಕರೀತಿ. ನೀ ಯಾರನ್ನ ಕೊಲ್ತಿ?"

"ಮತ್ತೆ ಯಾಕೆ ಹೆದರಿದ್ರಿ?"

ನಗು ನಿಂತಿತು. "ಪಿಕ್ಚರಿನ್ಯಾಗ ಮೊದಲ ಒಬ್ಬಾಂವ ಸಾಯ್ತಾನಲ್ಲ, ಬಾಡಿಗಿ ಖೋಲ್ಯಾಗ ಇರಾಂವ? ಬಾಗ್ಲಾ ಹಾಕಿದ್ದು ಹಾಕಿದಂಗ. ಹೆಣ ನಾರೂತನಕ ಯಾರಿಗೂ ಗೊತ್ತಾಗಲಿಲ್ಲ. ಊರಾಗ ಎಲ್ಲಾರೂ ನೀ ಖೂನಿ ಮಾಡಾಂವನಂಗ ಅದಿ ಅಂತಾರ. ನನಗ ನೀ ಆ ಸತ್ತಾಂವನಂಗ ಕಂಡಿ, ತಮ್ಮಾ. ನಾ ಬಾಗ್ಲಾ ಬಡದು, ನೀ ತೆಗೀಲಿಲ್ಲಾಂದ್ರ ಏನ್ ಮಾಡ್ಲಿ? ಅದಕ್ಕ ಹೆದರಿದ್ನಿ."

ಅವರೇ ಒಳಗೆ ಹೋಗಿ, ಎತ್ತಿಟ್ಟಿದ್ದ ಹೋಳಿಗೆಯನ್ನು ತುಪ್ಪ ಹಾಕಿ ಬಿಸಿ ಮಾಡಿ ತಂದರು. ತಟ್ಟೆಯಲ್ಲಿ ಹಾಕಿಕೊಂಡು, ಕೂತು ಉಂಡೆ. ಕಣ್ಣಲ್ಲಿ ನೀರು ಬಂತು. ಬರಲಿ ಬಿಡಿ, ಅದೇನು ಶರಬತ್ತಲ್ಲ.

ಏಳುವಾಗ ಈರಮ್ಮ ಗದರಿದರು. "ನಾಳಿಂದ ಬಾಗ್ಲಾ ತೆಗದ ಮಲಕ್ಕೊ. ಹೋಗಾಗ ಬರಾಗ ಒಮ್ಮೆ ಇಣುಕಿ ನೋಡಿದ್ರ ನನಗೂ ಜೀವಕ್ಕ ಸಮಾಧಾನ."

ಈಗ ಬಾಗಿಲು ತೆರೆದಿಟ್ಟೇ ಮಲಗುತ್ತೇನೆ. ಕೋಳಿ ಬರುತ್ತದೆ, ಧೂಳು ಬರುತ್ತದೆ, ಈರಮ್ಮನ ನೆರಳು ಬಂದು ಹೋಗುತ್ತದೆ. ಖೂನಿಗಾರ ಬಂದರೆ ಏನು ಗತಿ ಎನ್ನುತ್ತೀರಾ?

ಬರಲಿ ಸ್ವಾಮಿ, ಯಾರೋ ಒಬ್ಬರು ಬಂದಂತಾಯಿತಲ್ಲ!