ಶಾಲೆಯ ನಳದ ಮೊದಲ ನೀರು

ನನಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ರಾಯಚೂರಿನಲ್ಲಿ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಾಗ, ಈ ಗುಣ ಅಲ್ಲಿ ಉಪಯೋಗಕ್ಕೆ ಬಂದೀತೆಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳವು. ಹೆಗಲಿಗೆ ಚೀಲ, ಚೀಲದ ತುಂಬ ಬಾಟಲಿ. ಇವತ್ತು ದೇವದುರ್ಗ, ನಾಳೆ ಮಾನ್ವಿ, ಇನ್ನೊಂದು ದಿನ ಗಿಲ್ಲೆಸುಗೂರು. ಬಸ್ಸು ಕುಲುಕಿದಾಗೆಲ್ಲ ಚೀಲ ಕಿಣಿಕಿಣಿ ಅನ್ನುತ್ತಿತ್ತು. ಸೋಡಾ ಮಾರಲು ಹೊರಟಿದ್ದೀರೇನು ಎಂದು ಒಬ್ಬ ಕಂಡಕ್ಟರು ಪ್ರತಿ ಸಲವೂ ಕಾಡುತ್ತಿದ್ದ, ಪ್ರತಿ ಸಲವೂ ತಾನೇ ನಗುತ್ತಿದ್ದ.

ಸಾಮಾನ್ಯವಾಗಿ ನಾವು ಹುಡುಕುತ್ತಿದ್ದುದು ಉಪ್ಪು, ಹೊಲಸು, ರೋಗದ ಕ್ರಿಮಿ. ಸೀಸ, ತಾಮ್ರಗಳನ್ನು ಕೇಳುವವರೇ ಇರಲಿಲ್ಲ. ನಾನು ಅವುಗಳ ಬೆನ್ನು ಹತ್ತಿದ್ದು ಮಾನ್ವಿಯ ಒಂದು ಹೆಣ್ಣುಮಕ್ಕಳ ಶಾಲೆಯ ಮುಂದೆ. ಯಾವುದೋ ಕೆಲಸಕ್ಕೆ ತೋಡಿದ್ದ ತಗ್ಗಿನಲ್ಲಿ ಹಳೆಯ ಪೈಪೊಂದು ಕಂಡಿತು. ನಿಜಾಮನ ಕಾಲದ್ದು ಎಂದರು. ಬೂದು ಬಣ್ಣ, ಕಬ್ಬಿಣದ್ದಲ್ಲ. ತಗ್ಗಿಗಿಳಿದು ಕೂದಲಿನ ಪಿನ್ನಿನಿಂದ ಗೀಚಿದೆ. ಮೆತ್ತಗೆ ಗೀರು ಬಿದ್ದು ಒಳಗೆ ಥಳಕ್ಕೆಂದಿತು. ಸೀಸ. ಬೀದಿಯಾಚೆಯ ಎತ್ತರದ ತೊಟ್ಟಿಯಿಂದ ಶಾಲೆಯ ನಳಕ್ಕೆ ನೀರು ಬರುತ್ತಿದ್ದುದು ಅದರಲ್ಲೇ. ಅಂಗಳದಲ್ಲಿ ಹುಡುಗಿಯರು ಕುಂಟಾಟ ಆಡುತ್ತಿದ್ದರು. ಈ ಪೈಪು ಕೀಳಿಸದೆ ಬಿಡುವುದಿಲ್ಲ ಎಂದು ಆ ತಗ್ಗಿನಲ್ಲಿ ನಿಂತೇ ತೀರ್ಮಾನಿಸಿದೆ. ಆದರೆ ಸೀಸ ಪೈಪಿನಲ್ಲಿದ್ದರೆ ಸಾಲದು, ನೀರಿನಲ್ಲೂ ಸಿಗಬೇಕು. ಇಲ್ಲದಿದ್ದರೆ ಯಾರು ಕೇಳುತ್ತಾರೆ?

ಶಾಲೆಯ ಆಯಾ ಒಬ್ಬ ಮುಸ್ಲಿಂ ಹೆಂಗಸು. ಮಕ್ಕಳೂ ಮಾಸ್ತರರೂ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದು, ಕಸ ಗುಡಿಸಿ, ನೀರು ತುಂಬಿಡುವುದು ಅವರ ಕೆಲಸ. ನೀರು ಬೇಕು ಎಂದೆ. ಅವರು ಒಳಗೆ ಹೋಗಿ ನನ್ನ ಬಾಟಲಿಯನ್ನು ತುಂಬಿಯೇ ತಂದರು. ಅತಿಥಿಗಳಿಗೆಂದು ಹುಣಸೆಹಣ್ಣು ಹಚ್ಚಿ ಬೆಳಗಿಟ್ಟ ತಾಮ್ರದ ಬಿಂದಿಗೆಯೊಂದಿತ್ತು; ಅದರ ಒಳಗಿನ ತವರದ ಕಲಾಯಿ ಎಂದೋ ಹೋಗಿತ್ತು. ಅದರಿಂದ ತುಂಬಿದ್ದರು. ಪ್ರಯೋಗಾಲಯದಲ್ಲಿ ಆ ನೀರು ತಾಮ್ರ ತೋರಿಸಿತು, ಸೀಸ ತೋರಿಸಲಿಲ್ಲ. ಬಿಂದಿಗೆಯನ್ನು ಪರೀಕ್ಷೆ ಮಾಡಿಕೊಂಡು ಬಂದಿರಾ ಎಂದು ನಮ್ಮ ಪ್ರಯೋಗಾಲಯದ ಹಿರಿಯರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮುಂದಿನ ಸಲ ನಾನೇ ನಳದ ಹತ್ತಿರ ನಿಂತೆ. ಖಾಲಾ ನಳ ಬಿಟ್ಟು, ನೀರು ತಣ್ಣಗಾಗುವ ತನಕ ಹರಿಯಗೊಟ್ಟು, ಆಮೇಲೆ ಬಾಟಲಿ ಹಿಡಿದರು. ಮತ್ತೆ ಸೀಸ ಸಿಗಲಿಲ್ಲ. ರಾತ್ರಿಯೆಲ್ಲ ಪೈಪಿನಲ್ಲಿ ನಿಂತ ನೀರಿಗೆ ಸೀಸ ಇಳಿಯುತ್ತದೆ. ಹರಿಯುವ ನೀರಿನಲ್ಲಿ ಅದು ಸಿಗುವುದು ಕಷ್ಟ. ನನಗೆ ಬೇಕಾಗಿದ್ದು ಬೆಳಗಿನ ಮೊಟ್ಟಮೊದಲ ನೀರು. ಹಾಗಂತ ಹೇಳಿದಾಗ ಖಾಲಾ ಮುಖ ಗಂಟಿಕ್ಕಿದರು.

"ಬಂದೋರಿಗೆ ತಂಗಳ ನೀರು ಕೊಡ್ತಾರೇನ್ರೀ ಅಕ್ಕೋರ? ನಮ್ಮ ಶಾಲಿ ಮರ್ಯಾದಿ ಏನ್ ಉಳೀತದ?"

ಕುಡಿಯುವುದಕ್ಕಲ್ಲ, ಪರೀಕ್ಷೆಗೆ ಎಂದು ಎಷ್ಟು ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಸರ್ಕಾರಕ್ಕೆ ತಂಗಳ ನೀರು ಕಳಿಸಿದರೆ ನಾಳೆ ತಮ್ಮ ಕೆಲಸಕ್ಕೇ ಕುತ್ತು ಎಂಬ ಭಯವೂ ಇತ್ತೇನೋ. ಪೈಪು ತೋರಿಸಿದೆ, ಗೀರು ತೋರಿಸಿದೆ. ಅದು ವಿಷ, ನಿಧಾನವಾಗಿ ಮೈಗೆ ಸೇರುತ್ತದೆ, ಮಕ್ಕಳಿಗೆ ಬೇಗ ತಟ್ಟುತ್ತದೆ ಎಂದೆ. ಮಕ್ಕಳು ಎಂದ ಮೇಲೆ ಅವರು ಒಪ್ಪಿದರು. ಸೋಮವಾರ ಬೆಳಿಗ್ಗೆ ಬರ್ರಿ, ಭಾನುವಾರ ಯಾರೂ ನಳ ಮುಟ್ಟಂಗಿಲ್ಲ ಎಂದರು.

ಭಾನುವಾರವೇ ಮಾನ್ವಿಗೆ ಹೋಗಿ ನಮ್ಮ ಅತ್ತೆಯ ಮನೆಯಲ್ಲಿ ಉಳಿದೆ. ಬೆಳಗಾಗುತ್ತಲೇ ಶಾಲೆಗೆ ಹೋದರೆ ಖಾಲಾ ಬಾಗಿಲು ತೆಗೆದು ಕಾದಿದ್ದರು. ನಳ ತಿರುಗಿಸಿದ ಕೂಡಲೇ ಬಂದ ನೀರಿಗೆ ಬಾಟಲಿ ಹಿಡಿದೆ. ತುಂಬಿತು. ಮುಚ್ಚಳ ಹಾಕಿ ಎದ್ದೆ. ಅಷ್ಟರಲ್ಲಿ ಖಾಲಾ ತಮ್ಮ ಮನೆಯ ಕೊಡವನ್ನು ನಳದ ಕೆಳಗೆ ತಳ್ಳಿದರು. ಇದು ಯಾರಿಗೆ ಎಂದು ಕೇಳಿದೆ, ಏನೂ ಯೋಚಿಸದೆ.

"ಮನೀಗ್ರೀ. ನೀರು ಚೆಲ್ಲಿದ್ರ ದೇವರು ಮೆಚ್ಚಂಗಿಲ್ಲ. ಹುಡುಗ್ಯಾರಿಗೆ ತಣ್ಣಂದು, ನಮಗ ಇದು. ದಿನಾ ಒಯ್ತೀನಿ."

ವಿಷ ಇರುವುದು ನಿಂತ ನೀರಿನಲ್ಲೇ ಎಂದು ನಾನು ಅವರಿಗೆ ಬಿಡಿಸಿ ಹೇಳಿರಲೇ ಇಲ್ಲ. ನಾನು ಹೆದರಿದ್ದು ಅಂಗಳದ ಹುಡುಗಿಯರಿಗಾಗಿ. ಅವರನ್ನು ಈ ಹೆಂಗಸು ತಮಗೇ ಗೊತ್ತಿಲ್ಲದೆ ಕಾಪಾಡಿಕೊಂಡು ಬಂದಿದ್ದರು. ಆ ವಿಷವನ್ನು ಮಾತ್ರ ದಿನಾ ಸೊಂಟದ ಮೇಲೆ ಹೊತ್ತು ತಮ್ಮ ಮನೆಗೆ ಒಯ್ಯುತ್ತಿದ್ದರು. ಮನೆಯಲ್ಲಿ ಯಾರಿದ್ದಾರೆ ಎಂದೆ. ಮಗಳು, ಮೂರು ವರ್ಷದ ಮೊಮ್ಮಗಳು. ಕೂಸಿಗೆ ಆಗಾಗ ಹೊಟ್ಟೆ ಮುರಿಯುತ್ತದೆ, ಮೈಯಲ್ಲಿ ರಕ್ತವೇ ಇಲ್ಲ, ಹಕೀಮರ ಪುಡಿ ನಡೆದಿದೆ ಎಂದರು. ನಾನು ಕೊಡ ಎತ್ತಿ ಅಷ್ಟನ್ನೂ ನೆಲಕ್ಕೆ ಸುರಿದೆ. ಖಾಲಾ ಕೆಂಡವಾದರು. ಅಕ್ಕೋರಾದರೇನು, ಸರ್ಕಾರದವರಾದರೇನು, ಹೀಗೆ ನೀರು ಚೆಲ್ಲುವುದಾ ಎಂದು ಬೈದರು. ಬೈಸಿಕೊಂಡು, ಪರೀಕ್ಷೆ ಮುಗಿಯುವ ತನಕ ಆ ನೀರು ಒಯ್ಯಬೇಡಿ ಎಂದಷ್ಟೇ ಹೇಳಿ ರಾಯಚೂರಿನ ಬಸ್ಸು ಹತ್ತಿದೆ.

ಅದೇ ಮಧ್ಯಾಹ್ನ ಪರೀಕ್ಷೆ ಮಾಡಿದೆ. ಔಷಧ ಹಾಕಿದಾಗ ಗಾಜಿನ ಕೊಳವೆಯ ನೀರು ಚಹಾದ ಬಣ್ಣಕ್ಕೆ ತಿರುಗಿತು, ಸೀಸದ ಗುರುತು. ತಾಮ್ರವೂ ಹೀಗೆ ಬಣ್ಣ ಕೊಡುತ್ತದೆ, ಮತ್ತೆ ಬಿಂದಿಗೆ ಎಂದಾರು ಎಂದು ತಾಮ್ರವನ್ನು ಬೇರೆಯಾಗಿಯೇ ನೋಡಿದೆ, ಅದು ಇರಲಿಲ್ಲ. ಹಿರಿಯರು ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಈ ಸಲ ನಗಲಿಲ್ಲ, ಕೂಡಲೇ ಸಹಿ ಹಾಕಿದರು.

ಮರುದಿನ ಖಾಲಾರನ್ನು ಶಾಲೆಯ ಕಟ್ಟೆಯ ಮೇಲೆ ಕೂರಿಸಿಕೊಂಡು, ಬೆಳಗಿನ ಮೊದಲ ನೀರಿನಲ್ಲಿ ಸೀಸ ಸಿಕ್ಕಿದ್ದನ್ನು ಹೇಳಿದೆ. ಅವರು ತಮ್ಮ ಅಂಗೈ ನೋಡಿಕೊಂಡರು.

"ಹಂಗಾದ್ರ ಕೂಸಿಗೆ ಕುಡಿಸಿದಾಕಿ ನಾನಽ ಅಲ್ಲೇನ್ರೀ?"

ಕೂಸಿನ ಹೊಟ್ಟೆನೋವು ಸೀಸದಿಂದಲೇ ಎಂದು ಹೇಳಲು ನಾನು ಡಾಕ್ಟರಲ್ಲ. ಅಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಅಳುವುದು ನನಗೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಪೈಪು ಹೂಳಿದವರು ನೀವಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿ, ಕೂಸನ್ನು ರಾಯಚೂರಿನ ದೊಡ್ಡಾಸ್ಪತ್ರೆಗೆ ತೋರಿಸಲು ಹೇಳಿ, ಊರಿನ ನೀರು ಸರಬರಾಜಿನ ಸಾಹೇಬರನ್ನು ನೋಡಲು ಎದ್ದೆ. ಖಾಲಾ ಕೂಡ ಎದ್ದರು. ಶಾಲೆಯ ಗಂಟೆ ಹೊಡೆಯುವ ಹೊತ್ತಾಗಿತ್ತು. ಯಾರಾದರೂ ಹೊಡೀಲಿ ಅಂತ ನನ್ನ ಹಿಂದೆ ಬಂದರು.

ಸಾಹೇಬರು ಕೆಟ್ಟವರೇನಲ್ಲ. ವರದಿ ಓದಿದರು, ತಲೆಯಾಡಿಸಿದರು. ಬೇಸಿಗೆ ಕಳೆಯಲಿ, ಹೊಸ ಪೈಪು ಬಂದಾಗ ಮೊದಲು ನಿಮ್ಮ ಶಾಲೆಗೇ ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕಣ್ಣು ಖಾಲಾರ ಮೇಲೆ ಬಿತ್ತು. ಇವರು ಯಾರು ಎಂದು ಕೇಳಿದರು. ಆಯಾ ಎಂದು ನಾನು ಹೇಳಬೇಕೆಂದಿದ್ದೆ. ಖಾಲಾ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

"ಆ ನೀರು ಕುಡಿದಾಕಿರೀ. ಪೈಪ್ ಕೀಳೋತನಕ ಇಲ್ಲೇ ಕುಂದರ್ತೀನಿ."

ಹೇಳಿದಂತೆಯೇ ಮೇಜಿನ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಕುರ್ಚಿ ತೋರಿಸಿದರೂ ಏಳಲಿಲ್ಲ. ಸಾಹೇಬರು ನನ್ನ ಕಡೆ ನೋಡಿದರು, ನೀವಾದರೂ ಹೇಳಿ ಎನ್ನುವ ಹಾಗೆ. ನಾನು ಚೀಲ ಕೆಳಗಿಟ್ಟು ಖಾಲಾರ ಪಕ್ಕದಲ್ಲಿ ಕೂತೆ.