ಯಜಮಾನಿಗಾಗಿ ಮಾಗಿದ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎರಡನೇ ಮಹಡಿಯ ಮನೆಯೊಂದರ ನಡುಕೋಣೆಯಲ್ಲಿ ಮೂವರು ಉಸಿರು ಬಿಗಿಹಿಡಿದು ಒಂದು ಪುಟ್ಟ ಗಾಜಿನ ಕೊಳವೆಯನ್ನು ನೋಡುತ್ತಿದ್ದಾರೆ. ಕೊಳವೆ ಹಿಡಿದಿರುವುದು ಮೀನಕ್ಕ. ಪಕ್ಕದಲ್ಲಿ ನಿಂತಿರುವುದು ಆ ಮನೆಯ ಒಡೆಯ ಡ್ರೈವರಣ್ಣ, ನಿವೃತ್ತ ಬಸ್ ಡ್ರೈವರ್. ಬಾಗಿಲ ಬಳಿ, ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ಹಿಂಡುತ್ತಿರುವುದು ಅವರ ಅಕ್ಕ. ಕೊಳವೆಯೊಳಗೆ ಇರುವುದು ಮೂಲೆಯ ಹೊಸ ತೊಟ್ಟಿಯ ಉಪ್ಪುನೀರು, ಅದಕ್ಕೆ ಬಿದ್ದಿರುವುದು ಪರೀಕ್ಷೆಯ ಔಷಧಿಯ ಕೆಲವು ಹನಿ.

"ಹಳದಿಯಾಗೇ ಉಳಿದ್ರೆ ಬದುಕಿದ್ವಿ. ಹಸಿರು ತಿರುಗಿದ್ರೆ ನೀರಲ್ಲಿ ವಿಷ ಇದೆ ಅಂತ. ಬಣ್ಣ ಬರೋವರೆಗೂ ನನ್ನ ಯಾರೂ ಮಾತಾಡಿಸ್ಬೇಡಿ," ಎನ್ನುತ್ತಾರೆ ಮೀನಕ್ಕ. ಹಾಗೆ ಹೇಳಿದ ಮೇಲೆ ಎಡೆಬಿಡದೆ ಮಾತಾಡುವವರು ಅವರೇ, ಅದು ಬೇರೆ ಮಾತು.

ಮೀನಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಮನೆ, ಅಂಗಡಿ, ದವಾಖಾನೆಗಳಲ್ಲಿ ಕಡಲ ಮೀನಿನ ತೊಟ್ಟಿ ಕಟ್ಟಿ, ಸಾಕಿ, ದುಡಿದು ಪಡೆದ ಹೆಸರು. ಹಲ್ಲಿನ ಡಾಕ್ಟರ ಬಳಿ ನೋವು ಮರೆತು ಮೀನು ನೋಡುತ್ತ ಕೂರುವವರಲ್ಲಿ ಯಾರಿಗೂ ಇವರ ಮುಖ ಗೊತ್ತಿಲ್ಲ. ರೋಗಿಗಳು ಬರುವ ಮುಂಚೆ ಗಾಜು ಒರೆಸಿ, ನೀರು ಬದಲಿಸಿ, ಇವರು ಹೊರಟಿರುತ್ತಾರೆ. ಲಿಫ್ಟ್ ಇಲ್ಲದ ಮೆಟ್ಟಿಲುಗಳಲ್ಲಿ ನೀರಿನ ಕ್ಯಾನು ಹೊತ್ತು ಹೊತ್ತು ಮಂಡಿ ಸವೆದಿದೆ, ಉಪ್ಪಿಗೆ ಬೆರಳ ಸಂದಿಗಳು ಬಿರಿದಿವೆ. "ನಮ್ಮನೆಯವ್ರು ಹೇಳ್ತಾರೆ, ನಿನ್ನ ತೋಳು ಹಿಂಡಿದ್ರೆ ಅಡುಗೆಗೆ ಉಪ್ಪೇ ಬೇಡ ಅಂತ," ಎಂದು ನಗುತ್ತಾರೆ.

ತೊಟ್ಟಿಗೆ ಉಪ್ಪುನೀರು ಸುರಿದು ಮೀನು ಬಿಟ್ಟರೆ ಮುಗಿಯಿತಲ್ಲ ಎನ್ನುವವರಿಗೆ ಅವರದು ಒಂದೇ ಉತ್ತರ: "ನೀರು ಮಾಗ್ಬೇಕು." ಮೀನಿನ ಹೇಲು, ಉಳಿದ ಆಹಾರ ಕೊಳೆತರೆ ಅಮೋನಿಯಾ ಹುಟ್ಟುತ್ತದೆ, ಅದು ಮೀನಿಗೆ ವಿಷ. ಆ ವಿಷವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳೂ ಇವೆ. ಒಂದು ಬಳಗ ಅದನ್ನು ಇನ್ನೊಂದು ವಿಷವಾಗಿ ಬದಲಿಸಿದರೆ, ಎರಡನೇ ಬಳಗ ಅದನ್ನೂ ತಿಂದು ಸೌಮ್ಯ ಮಾಡುತ್ತದೆ. ಇವೆಲ್ಲ ಮನೆ ಮಾಡುವುದು ಹವಳದ ಕಲ್ಲಿನ ತೂತುಗಳಲ್ಲಿ. ಅವು ಬೆಳೆದು ತುಂಬಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಖಾಲಿ ತೊಟ್ಟಿಯನ್ನು ನೋಡುತ್ತ ಕೂರಬೇಕು, ಅಷ್ಟೇ. "ತಾಳಿದವನು ಬಾಳಿಯಾನು ಅಂತಾರಲ್ಲ, ಆ ಮಾತು ಮೀನು ಸಾಕೋರೇ ಹೇಳಿರ್ಬೇಕು."

ಆದರೆ ಈ ಮನೆಯಲ್ಲಿ ತಾಳಲು ಪುರಸೊತ್ತಿಲ್ಲ. ಡ್ರೈವರಣ್ಣ ಮಗುವಿನಂತೆ ಸಾಕಿದ ಒಂದು ಮೀನಿದೆ. ಕಿತ್ತಳೆ ಮೈ, ಬಿಳಿ ಪಟ್ಟೆ, ಮೂಗಿನ ತುದಿಯಲ್ಲಿ ಕೋಪ. ತೊಟ್ಟಿಗೆ ಯಾರು ಕೈ ಹಾಕಿದರೂ ಕಚ್ಚುವುದರಿಂದ ಅದಕ್ಕೆ ಯಜಮಾನಿ ಎಂದೇ ಹೆಸರು. ಹಳೆಯ ತೊಟ್ಟಿಯ ಗಾಜು ಒಡೆದು ನೀರೆಲ್ಲ ನೆಲಕ್ಕೆ ಹರಿದ ದಿನ, ಅಕ್ಕ ಅದನ್ನು ಪಾತ್ರೆಯಲ್ಲಿ ಹಿಡಿದು ಉಳಿಸಿದರು. ಕಲ್ಲುಗಳು ಮಾತ್ರ ನೀರಿಲ್ಲದೆ ಒಣಗಿದವು, ತೂತುಗಳಲ್ಲಿದ್ದ ಜೀವಿಗಳೆಲ್ಲ ಸತ್ತವು. ಅಂದಿನಿಂದ ಯಜಮಾನಿಯ ವಾಸ ಮೀನಕ್ಕನ ಮನೆಯ ಬಚ್ಚಲಲ್ಲಿ, ಪ್ಲಾಸ್ಟಿಕ್ ಟಬ್ಬಿನಲ್ಲಿ. ಬೇರೆ ತೊಟ್ಟಿಗೆ ಬಿಟ್ಟರೆ ಅಲ್ಲಿಯ ಮೀನುಗಳ ಮೇಲೆ ಯುದ್ಧ. "ಯಜಮಾನಿಯವ್ರ ಸ್ನಾನ ಆಯ್ತೇನು, ನಾನು ಒಳಗೆ ಬರ್ಲಾ?" ಎಂದು ಮೀನಕ್ಕನ ಗಂಡ ದಿನಾ ಬಾಗಿಲು ತಟ್ಟುತ್ತಾರೆ. ಎಷ್ಟು ನೀರು ಬದಲಿಸಿದರೂ ಟಬ್ಬು ಟಬ್ಬೇ. ಈ ವಾರ ಮೀನು ತಿನ್ನುವುದನ್ನೇ ಬಿಟ್ಟಿದೆ.

ಹೊಸ ತೊಟ್ಟಿ ಇನ್ನೇನು ಮಾಗಿತು ಎನ್ನುವಾಗ ಕಲ್ಲಿನ ಮೇಲೆ ಕಂದು ಪಾಚಿ ಹತ್ತಿತು. ಹೊಸ ತೊಟ್ಟಿಯಲ್ಲಿ ಅದು ಬಂದೇ ಬರುತ್ತದೆ, ಹೋಗಿಯೂ ಹೋಗುತ್ತದೆ. ಪಾಪ, ಅಕ್ಕನಿಗೆ ಅದೇನು ಗೊತ್ತು? ಕೊಳಕು ನೋಡಿದರೆ ಅವರ ಕೈ ಸುಮ್ಮನಿರುವುದಿಲ್ಲ. ಮೊನ್ನೆ ತಮ್ಮ ಹೊರಗೆ ಹೋದಾಗ ಕಲ್ಲುಗಳನ್ನೆಲ್ಲ ಎತ್ತಿ, ಕುದಿಯುವ ನೀರು ಹುಯ್ದು, ಪಾತ್ರೆ ಉಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಬೆಳ್ಳಗೆ ಜೋಡಿಸಿಟ್ಟುಬಿಟ್ಟರು. ಬಂದು ನೋಡಿದ ಮೀನಕ್ಕ ಒಂದು ಕಲ್ಲನ್ನೆತ್ತಿ ಮೂಸಿ ಕೆಳಗಿಟ್ಟರು: ಒಳಗಿದ್ದ ಬಳಗವೆಲ್ಲ ಬೆಂದುಹೋಗಿತ್ತು.

"ಗಣೇಶನ್ನ ಮಾಡು ಅಂದ್ರೆ ಅವರಪ್ಪನ್ನ ಮಾಡಿದಾಳೆ ನಮ್ಮಕ್ಕ!" ಎಂದು ಡ್ರೈವರಣ್ಣ ತಲೆ ಮೇಲೆ ಕೈ ಹೊತ್ತರು. ಅಕ್ಕ ಅಂದು ಊಟ ಮಾಡಲಿಲ್ಲ. "ಆ ಮೀನನ್ನ ಉಳಿಸಿದ್ದೂ ನಾನೇ, ಕೊಂದೋಳೂ ನಾನೇ ಆಗ್ಬಿಡ್ತೀನಲ್ಲಮ್ಮ," ಎಂದು ಅತ್ತರು.

ಮೀನಕ್ಕನಿಗೆ ಉಳಿದಿದ್ದು ಒಂದೇ ಆಸೆ. ತೊಟ್ಟಿ ಕಟ್ಟುವಾಗ, ಆರೋಗ್ಯವಾಗಿದ್ದ ಬೇರೊಂದು ತೊಟ್ಟಿಯ ಕಲ್ಲಿನ ಚೂರುಗಳನ್ನು ಬಲೆಚೀಲಕ್ಕೆ ತುಂಬಿ ಪಂಪಿನ ಹಿಂದೆ ಇಳಿಬಿಟ್ಟಿದ್ದರು. ಅದು ಅಕ್ಕನ ಕಣ್ಣಿಗೆ ಬಿದ್ದಿರಲಿಲ್ಲ. ಆ ಚೂರುಗಳಲ್ಲಿ ಸಾಕಷ್ಟು ಜೀವ ಇದೆಯೋ ಇಲ್ಲವೋ ತಿಳಿಯಲು ನಿನ್ನೆ ಬೆಳಿಗ್ಗೆ ತೊಟ್ಟಿಗೆ ಬೇಕೆಂದೇ ಅಮೋನಿಯಾ ಹಾಕಿ ಹೋಗಿದ್ದಾರೆ. ರಾತ್ರಿ ಕಳೆಯುವುದರೊಳಗೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಮುಗಿಸಿದ್ದರೆ ಸೈ.

ಈಗ ಕಿಟಕಿಯಲ್ಲಿ ಬೆಳಕು ಬಲಿಯುತ್ತದೆ. ಕೊಳವೆಯನ್ನು ಬಿಳಿ ಕಾಗದದ ಮುಂದೆ ಹಿಡಿದು, ತಿರುಗಿಸಿ, ಮತ್ತೆ ಹಿಡಿದು ನೋಡುತ್ತಾರೆ. ಹಳದಿ. ಅಪ್ಪಟ ಹಳದಿ. ಎರಡನೇ ವಿಷದ ಪರೀಕ್ಷೆಗೆ ಪಕ್ಕದಲ್ಲಿಟ್ಟಿದ್ದ ಇನ್ನೊಂದು ಕೊಳವೆಯೂ ಇರಬೇಕಾದಂತೆ ತಿಳಿನೀಲಿ. "ತಿಂದಿವೆ ಕಣ್ರೀ, ಒಂಚೂರೂ ಬಿಡದೆ ತಿಂದಿವೆ!" ಎನ್ನುತ್ತ ಮೀನಕ್ಕ ನೆಲದ ಮೇಲೇ ಕೂತುಬಿಡುತ್ತಾರೆ. ಎಲ್ಲರಿಗೂ ಹೋದ ಜೀವ ಬಂದಂತಾಗುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಡ್ರೈವರಣ್ಣ ಹೇಳುವುದನ್ನು ಕೇಳಿ, ಅಕ್ಕ ಅಳುತ್ತಲೇ ನಗುತ್ತಾರೆ.

ಮೀನಕ್ಕ ಮನೆಗೆ ಹೋಗಿ ಮುಚ್ಚಳದ ಬಕೆಟ್ಟಿನಲ್ಲಿ ಯಜಮಾನಿಯನ್ನು ತರುತ್ತಾರೆ. ಸಣ್ಣ ನಳಿಕೆಯಲ್ಲಿ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಕೆಟ್ಟಿಗೆ ಬಿಟ್ಟು, ಮೀನಿನ ಮೈ ಹೊಂದಿಕೊಂಡ ಮೇಲೆ ಒಳಗೆ ಬಿಡುತ್ತಾರೆ. ಅದು ನೇರ ಕಲ್ಲಿನ ಹಿಂದೆ ಅಡಗುತ್ತದೆ. ದೀಪ ಆರಿಸಿ ಕಾಯುತ್ತಾರೆ. ಬಹಳ ಹೊತ್ತಾದ ಮೇಲೆ ಕಿತ್ತಳೆ ಮೂತಿಯೊಂದು ಹೊರಗೆ ಇಣುಕುತ್ತದೆ. ಅಕ್ಕನೇ ಕೈಯಾರೆ ಹಾಕಿದ ಒಂದು ಚೂರು ಸೀಗಡಿ ಕೆಳಗೆ ಇಳಿಯುತ್ತಿದೆ. ಮೀನು ಅದನ್ನು ನೋಡುತ್ತದೆ, ಬಿಡುತ್ತದೆ. ಮತ್ತೆ ತಿರುಗಿ ಬಂದು ಗಬಕ್ಕನೆ ನುಂಗುತ್ತದೆ.

"ನನ್ನ ತಾಯೀ!" ಎಂದು ಅಕ್ಕ ಮೀನಕ್ಕನ ಕೈ ಹಿಡಿದು, ಕುರ್ಚಿ ಎಳೆದು ತೊಟ್ಟಿಯ ಎದುರು ಕೂರಿಸುತ್ತಾರೆ. "ಎಷ್ಟು ಚೆನ್ನಾಗಿದಾಳೆ ನೋಡು, ನಮ್ಮ ಯಜಮಾನಿ!"

ಇಷ್ಟು ವರ್ಷ ತೊಟ್ಟಿಯೊಳಗೆ ತೋಳು ಇಳಿಸಿ ದುಡಿದವರು ಹೀಗೆ ಎದುರು ಕೂತು ನೋಡಿದ್ದೇ ಅಪರೂಪ. ಮೀನಕ್ಕ ನೋಡುವುದು ಮೀನನ್ನಲ್ಲ, ಅದರ ಸುತ್ತ ತಿಳಿಯಾಗಿ ನಿಂತಿರುವುದನ್ನು.

"ಮೀನನ್ನ ಯಾರು ಮಾಡಿದ್ರೋ ನಂಗೊತ್ತಿಲ್ಲಕ್ಕ," ಎನ್ನುತ್ತಾರೆ. "ಈ ನೀರು ಮಾತ್ರ ನಾನು ಮಾಡಿದ್ದು."