ಅರಿಷಿಣದ ದಿನದ ಕ್ಯಾಸೆಟ್ಟು

ಮನುಷ್ಯ ಯಂತ್ರವನ್ನು ಪಳಗಿಸಿದನೋ, ಯಂತ್ರವೇ ಮನುಷ್ಯನನ್ನು ಪಳಗಿಸಿತೋ ಎಂಬುದು ದೊಡ್ಡವರು ಕೂತು ವಿಚಾರ ಮಾಡತಕ್ಕ ಗಂಭೀರ ಪ್ರಶ್ನೆ. ನಮ್ಮ ದೊಡ್ಡಪ್ಪ ಅದನ್ನು ದಿನಾಲು ಒಂದು ಸ್ಕ್ರೂಡ್ರೈವರಿನಿಂದ ಬಗೆಹರಿಸಲು ಹೋಗಿ ಹೆಚ್ಚಿನ ಸಲ ಸೋಲುತ್ತಿದ್ದ.

ಆಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಸದ್ದು ಎಷ್ಟಿತ್ತೆಂದರೆ, ಗುಟ್ಟನ್ನೂ ಕೂಗಿಯೇ ಹೇಳಬೇಕಿತ್ತು. ಬೆಳಿಗ್ಗೆ ನೂಲಿಗೆ ಹಚ್ಚುವ ಗಂಜಿಯ ವಾಸನೆ, ಸಂಜೆ ಚುರುಮುರಿ-ಮಿರ್ಚಿಯದು; ನಡುವೆ ನಮಗೆ ನೂಲು ಸುತ್ತುವ ಖಾಲಿ ಬಾಬಿನ್‌ಗಳನ್ನು ಸಾಲಾಗಿ ನಿಲ್ಲಿಸಿ ಚೆಂಡೆಸೆದು ಬೀಳಿಸುವ ಆಟ. ಮನೆಮಂದಿಯೆಲ್ಲ ಸೀರೆ ನೇಯುತ್ತಿದ್ದರೆ, ಅಪ್ಪನ ಅಣ್ಣನಾದ ದೊಡ್ಡಪ್ಪ ಮಾತ್ರ ಮಗ್ಗ ಬಿಟ್ಟು ಮದುವೆಯ ವಿಡಿಯೊ ತೆಗೆಯುವ ಉದ್ಯೋಗ ಹಿಡಿದಿದ್ದ.

ನನಗೆ ಒಂಬತ್ತು ವರ್ಷವಿದ್ದಾಗ ಅವ್ವ ಜ್ವರ ಬಂದು ತೀರಿಕೊಂಡಳು. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ಅತ್ತರು. ನಾನು ಅವರಿಗೆ ನೀರು ಕೊಟ್ಟೆ. ಮುಂದಿನ ಬೇಸಿಗೆ ರಜೆಯ ಹೊತ್ತಿಗೆ ಅವಳ ಮುಖ ನೆನಪಿನಲ್ಲಿ ಮಸುಕಾಗತೊಡಗಿತು. ಗೋಡೆಯ ಮೇಲಿನ ಫೋಟೊದಲ್ಲಿ ಸ್ಟುಡಿಯೊದವರು ತಿದ್ದಿ ತೀಡಿ ಬೆಳ್ಳಗೆ ಮಾಡಿದ ಯಾರೋ ಹೆಂಗಸಿದ್ದಳು. ಅವ್ವ ನಕ್ಕರೆ ಹೇಗೆ ಕಾಣುತ್ತಿದ್ದಳು ಎಂಬುದು ಅದರಲ್ಲಿರಲಿಲ್ಲ.

ಹಾಗಂತ ನಾನು ಅಂದದ್ದು ದೊಡ್ಡವ್ವನ ಕಿವಿಗೆ ಬಿತ್ತು. ಅವಳು ಗಂಡನ ಕಡೆ ತಿರುಗಿ, "ಅಲ್ರೀ, ನಿಮ್ಮ ತಂಗಿ ಲಗ್ನದಾಗ ಅರಿಷಿಣದ ದಿನಾ ಈ ಕೂಸಿನವ್ವ ನಕ್ಕೋತ ಅಡ್ಡಾಡಿದ್ಲಲ್ಲ, ಆ ಕ್ಯಾಸೆಟ್ಟ ಎಲ್ಲೈತ್ರಿ?" ಎಂದಳು.

ಕ್ಯಾಸೆಟ್ಟು ಇತ್ತು. ಗಿರಾಕಿಗಳ ಕೆಲಸ ಮೊದಲು, ಮನೆಯದು ಆಮೇಲೆ ಎಂಬ ನಿಯಮದಂತೆ ಅದನ್ನು ಯಾರೂ ನೋಡಿರಲಿಲ್ಲ. ಅದು ಓಡುತ್ತಿದ್ದುದು ದೊಡ್ಡಪ್ಪನ ಕ್ಯಾಮೆರಾದಲ್ಲಿ ಮಾತ್ರ. ಆ ಕ್ಯಾಮೆರಾದ ಪುಟ್ಟ ಪರದೆ ಸತ್ತಿತ್ತು, ಟಿವಿಗೆ ವೈರು ಹಾಕುವ ತೂತು ಮುರಿದಿತ್ತು. ಉಳಿದ ದಾರಿ ಒಂದೇ: ಕಂಪ್ಯೂಟರಿನೊಳಗೆ ವಿಡಿಯೊ ಎಳೆದುಕೊಳ್ಳುವ ಒಂದು ಕಾರ್ಡು ಕೂಡಿಸಿ, ಅದಕ್ಕೆ ಕ್ಯಾಮೆರಾ ಜೋಡಿಸುವುದು. ಕಾರ್ಡು ದೊಡ್ಡಪ್ಪನ ಹತ್ತಿರವಿತ್ತು. ಅವನ ಕಂಪ್ಯೂಟರ್ ಮಾತ್ರ ಅದೇ ವಾರ ಹೊಗೆ ಬಿಟ್ಟು ಸುಮ್ಮನಾಗಿತ್ತು.

ಮುಧೋಳದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪರಿಚಯದವರ ಮನೆಯಲ್ಲಿ ಭಾರಿ ಕಂಪ್ಯೂಟರ್ ಇದೆಯೆಂದು ಸುದ್ದಿ ಬಂತು. ಕಾರ್ಡನ್ನು ಧೋತರದ ತುಂಡಿನಲ್ಲಿ ಸುತ್ತಿ, ರೊಟ್ಟಿ ಡಬ್ಬಿಯಲ್ಲಿಟ್ಟು, ವರನ ಕಡೆಯವರ ಗತ್ತಿನಲ್ಲಿ ಬಸ್ಸು ಹತ್ತಿದೆವು. ಅಲ್ಲಿದ್ದದ್ದು ಕಚ್ಚಿದ ಸೇಬುಹಣ್ಣಿನ ಗುರುತಿನ, ನೀಲಿ ಗಾಜಿನಂಥ ಮೈಯ, ಮಾನಿಟರು-ಡಬ್ಬಿ ಎಲ್ಲ ಒಂದೇ ಆದ ಯಂತ್ರ. ದೊಡ್ಡಪ್ಪ ಅದರ ಸುತ್ತ ಪ್ರದಕ್ಷಿಣೆ ಹಾಕಿದ.

"ಕಾರ್ಡ ಎಲ್ಲಿ ಕೂಡಸೂದ್ರೀ ಇದಕ್ಕ?"

ಮನೆಯವರು ತಮ್ಮ ಮಗಳನ್ನೇ ಕೊಡುವುದಿಲ್ಲ ಎಂಬಂತೆ ಮುಖ ಮಾಡಿದರು. "ಇದರಾಗ ಏನೂ ಕೂಡಸಾಕ ಬರೂದಿಲ್ಲರಿ. ಇದರ ಜಾತಿನ ಬ್ಯಾರೆ. ಚಹಾ ತಗೋರಿ."

ಚಹಾ ಕುಡಿದು ವಾಪಸು ಬಂದೆವು.

ಇನ್ನುಳಿದದ್ದು ನಮ್ಮ ಮನೆಯದೇ ಕಂಪ್ಯೂಟರ್. ಅದರಲ್ಲಿ ಅಪ್ಪ ಸೀರೆಯ ಡಿಸೈನ್ ಬರೆಯುತ್ತಿದ್ದ. ಅದಕ್ಕೆ ಹೂವೇರಿಸಿ ಪೂಜೆ ಮಾಡುತ್ತಿದ್ದರು. ಮುಟ್ಟುವ ಅಧಿಕಾರ ಅಪ್ಪನೊಬ್ಬನದು. ಕೆಟ್ಟರೆ ಮಗ್ಗಗಳಿಗೆ ಹೊಸ ಡಿಸೈನ್ ಇಲ್ಲ. ಅವ್ವ ಹೋದಮೇಲೆ ಮಾತು ಕಡಿಮೆ ಮಾಡಿದ್ದ ಅಪ್ಪ ನನ್ನನ್ನು ನೋಡಿದ, ಕಂಪ್ಯೂಟರನ್ನು ನೋಡಿದ.

"ಬಿಚ್ಚಪಾ ಅಣ್ಣಾ."

"ಕೆಟ್ಟರ ನನ್ನ ಮ್ಯಾಲ ಬರಬ್ಯಾಡ ಮತ್ತ."

"ಬಿಚ್ಚು ಅಂದ್ನೆಲ್ಲ."

ಕಾರ್ಡು ಒಳಗೆ ಕೂತಿತು. ಕಂಪ್ಯೂಟರ್ ಎರಡು ಸಲ ಮುನಿಸಿಕೊಂಡು ಮೂರನೇ ಸಲಕ್ಕೆ ಒಪ್ಪಿತು. ಪರದೆಯ ಮೇಲೆ ನಮ್ಮದೇ ಅಂಗಳ, ಅರಿಷಿಣ ಮೆತ್ತಿಸಿಕೊಂಡ ಮದುಮಗಳು ಅತ್ತೆ, ಹೋಳಿಗೆಯ ಬುಟ್ಟಿ. ಪಕ್ಕದ ಮನೆಯ ಮಗ್ಗದ ಸದ್ದಿನಲ್ಲಿ ಯಾರ ಮಾತೂ ತಿಳಿಯುತ್ತಿರಲಿಲ್ಲ. ಆಮೇಲೆ ಹಸಿರು ಸೀರೆಯೊಂದು ಬಂತು.

"ಬಂದ್ಲ ನೋಡ, ನಿಮ್ಮವ್ವ!" ಎಂದಳು ದೊಡ್ಡವ್ವ.

ಹಸಿರು ಸೀರೆ ತಲೆಯ ಮೇಲೆ ಸೆರಗೆಳೆದುಕೊಂಡು ನಮಗೆ ಬೆನ್ನು ಮಾಡಿ ನಿಂತಿತು. ಕ್ಯಾಮೆರಾ ತಗ್ಗಿತು. ಪರದೆಯ ತುಂಬ ಸೀರೆಯ ಅಂಚಿನ ದಡಿ, ಕಾಲುಂಗುರ, ನೆಲ. ಮತ್ತೆ ಬಂತು, ಮತ್ತೆ ಸೆರಗು, ಮತ್ತೆ ದಡಿ. ಆಕೆ ನಕ್ಕಳೆಂಬುದು ಅಲುಗಿದ ಭುಜದಿಂದ ತಿಳಿಯಿತು.

"ಅಯ್ಯ, ಮಾರಿ ಎಲ್ಲೈತ್ರೀ?" ದೊಡ್ಡವ್ವ ಮುಖಕ್ಕಾಗಿ ಪರದೆಯ ಕಡೆ ಬಗ್ಗಿದಳು.

ದೊಡ್ಡಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟ. "ಭಾವ ಅಂತ ಆಕಿ ನನ್ನ ಮುಂದ ಸೆರಗ ತಗೀತಿರ್ಲಿಲ್ಲ. ತಮ್ಮನ ಹೇಣ್ತಿ ಮಾರಿಗಿ ನಾ ಹ್ಯಾಂಗ ಕ್ಯಾಮೆರಾ ಹಿಡೀಲಿ?"

ಯಾರಾದರೂ ಬೈಯುವಂಥ ತಪ್ಪು ಅಲ್ಲಿ ನಡೆದಿರಲಿಲ್ಲ. ಅಪ್ಪ ಪರದೆಯ ಮೇಲೆ ಬೆರಳಿಟ್ಟು, "ದಡಿ ಛಲೋ ಬಂದೈತಿ," ಎಂದ. ಆ ಸೀರೆ ಅವನೇ ನೇಯ್ದದ್ದು. ನನಗೆ ಆಗಲೂ ಅಳು ಬರಲಿಲ್ಲ. ಹಸಿವಾಗಿತ್ತು, ದೊಡ್ಡವ್ವ ರೊಟ್ಟಿ ಕೊಟ್ಟಳು, ತಿಂದೆ.

ಈಗ ನನ್ನ ಮಗಳು ತಾನು ಹಲ್ಲುಜ್ಜುವುದನ್ನೂ ಫೋನಿನಲ್ಲಿ ಹಿಡಿಯುತ್ತಾಳೆ. ಯಾವ ಕಾರ್ಡೂ ಬೇಕಿಲ್ಲ, ಯಾರ ಮನೆಯ ಚಹಾವೂ ಬೇಕಿಲ್ಲ. ಓಣಿಯಲ್ಲಿ ಮಗ್ಗಗಳು ಕಡಿಮೆಯಾಗಿವೆ, ಮೆಲ್ಲಗೆ ಮಾತಾಡಿದರೂ ಕೇಳಿಸುತ್ತದೆ. ದೊಡ್ಡಪ್ಪ ಇಲ್ಲ, ಅಪ್ಪ ಇಲ್ಲ. ಆ ವಿಡಿಯೊ ನನ್ನ ಫೋನಿನಲ್ಲೂ ಇದೆ. ಅದರಲ್ಲಿ ಅವ್ವನ ಮುಖ ಎಲ್ಲೂ ಇಲ್ಲ.